ದೇವರ ಕೂಡ ಅಷ್ಟೇ ಮಾತಾಡುವ ಅಪ್ಪ

ರೂತ್, ನೀನು ಸುಳ್ಳು ಹೇಳಿರಲಿಲ್ಲ. ನಾಗಪುರದ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ, ಹತ್ತು ವರ್ಷದವಳಿದ್ದಾಗ ನೀನು ಪಾದ್ರಿಗಳ ಮುಂದೆ ಆಡಿದ ಮಾತು ಅಕ್ಷರಶಃ ನಿಜವಾಗಿತ್ತು. ನಿನ್ನನ್ನು ಸುಳ್ಳಿ ಮಾಡಿದವನು ನಾನು. ನಿಮ್ಮವ್ವ ಅಲ್ಲ — ನಾನು. ಈ ನಾಲ್ಕು ಸಾಲು ಬರೆಯಲು ನನಗೆ ಇಪ್ಪತ್ತೈದು ವರ್ಷ ಹಿಡಿಯಿತು.

ಮೊನ್ನೆ ಹುಬ್ಬಳ್ಳಿಯಿಂದ ನಿನ್ನ ಪತ್ರ ಬಂತು. ಮೊಮ್ಮಗಳು ಲಿಲ್ಲಿ ಶಾಲೆಯ ವಿಷಯದಲ್ಲಿ ಏನೋ ಸುಳ್ಳು ಹೇಳಿದಳೆಂದು ಹದಿನೈದು ದಿನದಿಂದ ಅವಳೊಂದಿಗೆ ಮಾತು ಬಿಟ್ಟಿದ್ದೀಯಂತೆ. ‘ನಮ್ಮ ಮನೆತನದ ಮದ್ದು ಅಪ್ಪಾ, ಬರೋಬರ್ ಹತ್ತೈತಿ, ಈಗ ಸಪ್ಪಳಿಲ್ಲದ ಇರ್ತಾಳ’ ಎಂದು ಬರೆದಿರುವೆ. ನಾನು ಮೆಚ್ಚಿಕೊಳ್ಳುತ್ತೇನೆಂದು ಬರೆದೆಯೇನೋ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಎಂಟು ವರ್ಷದ ಮಗು ಸಪ್ಪಳವಿಲ್ಲದೆ ಇರುತ್ತದೆ ಎಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಅದನ್ನು ಎದುರಿಗೆ ಕೂತು ನೋಡಿದವನು. ನೋಡಿ ಸಂತೋಷಪಟ್ಟವನು.

ಈ ಮದ್ದು ಎಲ್ಲಿಂದ ಬಂತೆಂದು ಮೊದಲು ಹೇಳುತ್ತೇನೆ. ನೆಪ ಹೇಳುವುದಕ್ಕಲ್ಲ. ಬೆಟಗೇರಿಯಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದ ನನ್ನ ಅಜ್ಜ ಕ್ರೈಸ್ತನಾದಾಗ ಸೆರೆ ಕುಡಿಯುವುದು ಬಿಟ್ಟ, ಜೂಜು ಬಿಟ್ಟ, ಹೆಂಡತಿಯನ್ನು ಹೊಡೆಯುವುದನ್ನೂ ಬಿಟ್ಟ. ಹೊಡೆಯುವ ಕೈ ಸುಮ್ಮನಾಯಿತು, ಸಿಟ್ಟು ಎಲ್ಲಿಗೆ ಹೋಗಬೇಕು? ಅವಳೊಂದಿಗೆ ಮಾತು ನಿಲ್ಲಿಸಿದ. ಅಜ್ಜಿ ಸಾಯುವಾಗ ಅವರಿಬ್ಬರ ನಡುವೆ ಒಂಬತ್ತು ವರ್ಷಗಳಿಂದ ಒಂದು ಶಬ್ದ ಹಾದಿರಲಿಲ್ಲವಂತೆ. ಚರ್ಚಿನ ಸಭೆಯವರೆಲ್ಲ ಅವನನ್ನು ಸಾಧು ಮನುಷ್ಯ ಎನ್ನುತ್ತಿದ್ದರು. ನಮ್ಮಪ್ಪ ಅದನ್ನೇ ಕಲಿತ, ಜೊತೆಗೆ ತನ್ನದೊಂದು ಸುಧಾರಣೆ ಸೇರಿಸಿದ. ಮಾತು ಬಿಟ್ಟವರನ್ನು ಸಂಜೆಯ ಮನೆಪ್ರಾರ್ಥನೆಯಲ್ಲಿ, ಎಲ್ಲರೂ ಕಣ್ಣು ಮುಚ್ಚಿ ಕೂತಾಗ, ದೇವರಿಗೆ ಹೇಳುವ ನೆಪದಲ್ಲಿ ಬೈಯುವುದು. ‘ಕರ್ತನೇ, ಈ ಮನ್ಯಾಗ ಒಬ್ಬಾಂವ ಅದಾನ, ಅವನ ಸೊಕ್ಕು ನಿನಗ ಗೊತ್ತೈತಿ —’ ಆ ಒಬ್ಬಾಂವ ಎಷ್ಟೋ ಸಲ ನಾನೇ. ಪ್ರಾರ್ಥನೆಗೆ ಎದುರು ಮಾತಾಡುವ ಹಾಗಿಲ್ಲ. ಕೊನೆಯಲ್ಲಿ ಆಮೆನ್ ಅನ್ನಲೇಬೇಕು. ನನ್ನ ಮೇಲಿನ ತೀರ್ಪಿಗೆ ನಾನೇ ಒಪ್ಪಿಗೆ ಕೊಟ್ಟಂತೆ.

ಅದು ಎಷ್ಟು ಉರಿಯುತ್ತದೆಂದು ಗೊತ್ತಿದ್ದೂ ನಾನು ಅದನ್ನೇ ಮಾಡಿದೆ. ಗೊತ್ತಿದ್ದುದಕ್ಕೇ ಮಾಡಿದೆ ಅನ್ನಬೇಕು.

ಐವತ್ತರ ದಶಕದ ಮಾತು, ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿ. ನಾನು ಸರಕು ಕಚೇರಿಯ ಗುಮಾಸ್ತ. ನಿಮ್ಮವ್ವ ಸುಶೀಲಾಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೇ. ಆ ಊರಿನಲ್ಲಿ ದಿನಬೆಳಗಾದರೆ ಅವಳೊಂದಿಗೆ ಕನ್ನಡ ಮಾತಾಡಲು ನೀನು, ನಾನು ಬಿಟ್ಟರೆ ಮತ್ತಾರೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದು.

ಆ ವರ್ಷ ಕ್ರಿಸ್‌ಮಸ್ಸಿಗೆ ಅವಳು ನನ್ನನ್ನು ಕೇಳದೆ ಪಕ್ಕದ ಮನೆಯ ಮರಾಠಿ ಬಾಯಿಯವರ ಜೊತೆ ಸೀತಾಬರ್ಡಿ ಪೇಟೆಗೆ ಹೋಗಿ ನಿನ್ನ ಫ್ರಾಕಿಗೆ ಬಟ್ಟೆ ತಂದಳು. ನೀಲಿ ಬಟ್ಟೆ, ಸಣ್ಣ ಬಿಳಿ ಹೂವು. ಅಷ್ಟೇ ಅವಳ ತಪ್ಪು. ‘ಕೇಳಿ ಹೋಗಬೇಕಿತ್ತು’ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ನಾನು ಬಾಯಿ ಮುಚ್ಚಿದೆ. ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಮೂರು ಮೊಳ ದೂರದಲ್ಲಿ ಕೂತ ಅವಳಿಗೆ ಕೇಳುವಂತೆ ‘ರೂತ್, ನಿಮ್ಮವ್ವಗ ಹೇಳು, ಚಹಾ ಬೇಕು’ ಅನ್ನುತ್ತಿದ್ದೆ. ನೀನು ಅತ್ತ ತಿರುಗಿ ‘ಅವ್ವಾ, ಅಪ್ಪಗ ಚಹಾ ಬೇಕಂತ’ ಅನ್ನುತ್ತಿದ್ದೆ. ಮೊದಮೊದಲು ನಿನಗದು ಆಟವಾಗಿತ್ತು, ಆಮೇಲೆ ನಿನ್ನ ಮುಖ ದೊಡ್ಡವರ ಮುಖವಾಯಿತು. ಸಂಜೆಯ ಪ್ರಾರ್ಥನೆಯಲ್ಲಿ ಅವಳ ಹೆಸರೆತ್ತದೆ ‘ಈ ಮನೆಯ ಹೆಂಗಸಿನ’ ಹಟ, ಆಸೆಬುರುಕತನ, ಅವಳ ತವರಿನವರ ಸಂಸ್ಕಾರ ಎಲ್ಲವನ್ನೂ ದೇವರ ಮುಂದೆ ಹರವುತ್ತಿದ್ದೆ. ಒಂದು ಸಂಜೆ ನಡುವೆ ಕಣ್ಣು ತೆರೆದು ನೋಡಿದೆ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಪ್ರಾರ್ಥನೆಯನ್ನು ಮೊಟಕು ಮಾಡಲಿಲ್ಲ, ರೂತ್. ಇನ್ನಷ್ಟು ಉದ್ದ ಮಾಡಿದೆ.

ಈಸ್ಟರ್ ಹತ್ತಿರ ಬಂತು. ಕರ್ತನ ಭೋಜನದ ರೊಟ್ಟಿ ಹಂಚುವ ಮೊದಲು ಪಾದ್ರಿಗಳು ಮನೆಮನೆಗೆ ಬಂದು, ಮನಸ್ತಾಪವಿದ್ದರೆ ಮುಗಿಸಿಕೊಂಡು ಆಮೇಲೆ ರೊಟ್ಟಿ ಮುಟ್ಟಿರಿ ಎಂದು ಹೇಳಿಹೋಗುವ ರೂಢಿಯಿತ್ತು. ನಮ್ಮ ಸದರ್ ಬಡಾವಣೆಯ ಸಭೆಯ ಪಾದ್ರಿಗಳು ಸೊಲ್ಲಾಪುರದ ಕಡೆಯವರು, ಕನ್ನಡ ಬರುತ್ತಿತ್ತು. ಬಿಸಿಲಲ್ಲಿ ಸೈಕಲ್ ತುಳಿದು ಬಂದು, ಸುಶೀಲಾ ಕೊಟ್ಟ ಸಂತ್ರ ಹಣ್ಣಿನ ಶರಬತ್ತು ಕುಡಿದು ಕೇಳಿದರು:

“ಹೂಂ, ಹೇಳ್ರಿ. ಮನ್ಯಾಗ ಸಮಾಧಾನ ಐತಿಲ್ಲೋ? ಸಬ್ ಬರೋಬರ್?”

“ದೇವರ ದಯಾ, ಎಲ್ಲಾ ಚಲೋ ಐತ್ರಿ” ಅಂದೆ.

ಆಗ ನೀನು, ಅದೇ ನೀಲಿ ಫ್ರಾಕು ತೊಟ್ಟವಳು, ಬಾಗಿಲ ಹತ್ತಿರದಿಂದ ಅಂದೆ: “ಇಲ್ರಿ. ಅಪ್ಪ ಅವ್ವನ ಕೂಡ ಮಾತಾಡಂಗಿಲ್ಲ. ದೇವರ ಕೂಡ ಅಷ್ಟ ಮಾತಾಡ್ತಾನ.”

ನಿನ್ನ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಅಷ್ಟೇ. ಪಾದ್ರಿಗಳು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಆ ಕ್ಷಣ ನನಗೆ ದೇವರ ಭಯವಾಗಲಿಲ್ಲ. ಭಾನುವಾರ ಎಲ್ಲರೂ ರೊಟ್ಟಿಗೆಂದು ಎದ್ದು ಹೋಗುವಾಗ ನಾನೊಬ್ಬ ಬೆಂಚಿನಲ್ಲಿ ಉಳಿದುಬಿಟ್ಟರೆ ಸಭೆಯವರು ಏನಂದಾರು ಎಂಬ ಭಯವಾಯಿತು. ಆಗ ನಾನು ಮಾಡಿದ್ದು —

ಇದು ನಿನಗೆ ಅರ್ಥವಾಗದೆ ಹೋದ ಭಾಗ, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ನಾನು ನಕ್ಕೆ. ನಿಮ್ಮವ್ವನ ಕಡೆ ತಿರುಗಿದೆ. ಮದುವೆಯಾದ ಹೊಸತರಲ್ಲಿ ಕರೆಯುತ್ತಿದ್ದ ದನಿಯಲ್ಲಿ ಕರೆದೆ: “ಸುಶೀಲಾ, ನೀನ ಹೇಳು ನೋಡೋಣ. ನಾ ನಿನ್ನ ಕೂಡ ಮಾತಾಡಂಗಿಲ್ಲೇನು?”

ನಾಲ್ಕು ತಿಂಗಳಾಗಿತ್ತು ಅವಳು ನನ್ನ ಬಾಯಲ್ಲಿ ತನ್ನ ಹೆಸರು ಕೇಳಿ. ಅವಳ ಮುಖ ಹೇಗೆ ಅರಳಿತೆಂದರೆ — ನೀನು ಅದನ್ನು ನೋಡಿದ್ದೆ. ಸುಳ್ಳು ಹೇಳುವವಳ ಮುಖ ಎಂದು ನೀನು ತಿಳಿದೆ. ಅದು ಹಸಿದವಳ ಮುಖ, ರೂತ್. ಆ ಹಸಿವು ಹುಟ್ಟಿಸಿದವನು ನಾನು, ಅದರ ಅಳತೆ ನನಗೆ ಗೊತ್ತಿತ್ತು, ಬೇಕಾದಾಗ ಒಂದು ತುತ್ತು ತೋರಿಸಿದರೆ ಸಾಕೆಂದೂ ಗೊತ್ತಿತ್ತು.

“ಮಾತಾಡ್ತಾರ್ರಿ” ಅಂದಳು. ನಿನ್ನ ಕಡೆ ನೋಡಲಿಲ್ಲ. “ಹುಡುಗಿ ಏನರೆ ಅಂತೈತಿ.”

“ಸುಳ್ಳು ಹೇಳೂ ಚಾಳಿ ಬಂದೈತ್ರಿ ಇದಕ್ಕ” ಎಂದು ನಾನು ಸೇರಿಸಿದೆ. ಪಾದ್ರಿಗಳು ನಿನ್ನ ತಲೆಯ ಮೇಲೆ ಕೈಯಿಟ್ಟು ಸುಳ್ಳಾಡಬಾರದೆಂದು ಬುದ್ಧಿ ಹೇಳಿ, ನಿನಗಾಗಿ ಪ್ರಾರ್ಥಿಸಿ, ಸೈಕಲ್ ಹತ್ತಿ ಹೋದರು. ಆ ಭಾನುವಾರ ನಾನು ಎಲ್ಲರಿಗಿಂತ ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿ ತೆಗೆದುಕೊಂಡೆ.

ಅಂದಿನಿಂದ ನಿಮ್ಮವ್ವನೊಂದಿಗೆ ಮಾತು ಶುರುಮಾಡಿದೆ, ನಿನ್ನೊಂದಿಗೆ ಬಿಟ್ಟೆ. ಅವಳಿಗೆ ಒಂದೇ ಷರತ್ತು ಹಾಕಿದ್ದೆ: “ಅಕಿ ಕೂಡ ನೀ ಮಾತಾಡಿದ್ರ, ನಿನ್ನ ಕೂಡ ಮತ್ತ ನಾ ಮಾತಾಡಂಗಿಲ್ಲ.” ಇದನ್ನು ನೀನು ಕೇಳಿಸಿಕೊಂಡಿರಲಿಲ್ಲ. ನಿನಗೆ ಕಂಡದ್ದು ಇಷ್ಟೇ: ಅವ್ವ ಪಾದ್ರಿಗಳ ಮುಂದೆ ನಿನ್ನನ್ನು ಸುಳ್ಳಿ ಮಾಡಿದಳು, ಅಪ್ಪನ ಜೊತೆ ಒಂದಾದಳು, ಆಮೇಲೆ ನನ್ನೆದುರಿಗೆ ನಿನ್ನತ್ತ ತಿರುಗಿ ನೋಡಲಿಲ್ಲ. ಅವಳೇ ಎಷ್ಟೋ ವರ್ಷದ ಮೇಲೆ ಹೇಳಿದ್ದು: ನಾನು ಕಚೇರಿಗೆ ಹೋದ ಮೇಲೆ ಅವಳು ನಿನ್ನ ಜಡೆ ಹಾಕುತ್ತ ಮಾತಾಡಿಸುತ್ತಿದ್ದಳಂತೆ, ನೀನು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದೆಯಂತೆ. ಮನೆತನದ ಮದ್ದನ್ನು ನೀನೂ ಕಲಿತಾಗಿತ್ತು, ಮೊದಲ ಸಲ ಅವಳ ಮೇಲೆಯೇ ಪ್ರಯೋಗ ಮಾಡಿದೆ. ಸಂಜೆ ನಾನು ‘ಈ ಮನೆಯ ಸುಳ್ಳು ನಾಲಿಗೆಗಾಗಿ’ ಪ್ರಾರ್ಥಿಸುತ್ತಿದ್ದೆ. ಕೊನೆಗೆ ನೀನು ಆಮೆನ್ ಅನ್ನುತ್ತಿದ್ದೆ, ಎಲ್ಲರಿಗಿಂತ ಗಟ್ಟಿಯಾಗಿ. ದಿನಕ್ಕೆ ಆ ಮನೆಯಲ್ಲಿ ನಿನ್ನ ಬಾಯಿಂದ ಬರುತ್ತಿದ್ದ ಮಾತು ಅದೊಂದೇ.

ಎಂಟು ತಿಂಗಳು ಹೀಗೆ ನಡೆಯಿತು. ನಂತರ ನಿನ್ನನ್ನು ಗದಗಿನ ಬೋರ್ಡಿಂಗಿಗೆ ಹಾಕಿದೆ. ಗಾಡಿ ಬಿಟ್ಟಾಗ ನಿಮ್ಮವ್ವ ಪ್ಲಾಟ್‌ಫಾರ್ಮಿನ ತುದಿಯ ತನಕ ‘ರೂತವ್ವಾ, ರೂತವ್ವಾ’ ಎಂದು ಓಡಿದಳು. ನೀನು ಕಿಟಕಿಯ ಕಡೆ ತಿರುಗಲಿಲ್ಲ. ಆಗ ನನಗೆ ಹೊಟ್ಟೆಯೊಳಗೆ ಒಂಥರ ತಂಪಾಯಿತು, ಇಬ್ಬರಿಗೂ ತಕ್ಕದ್ದಾಯಿತು ಎನ್ನಿಸಿತು. ಇಂಥ ಮನುಷ್ಯ ನಿನ್ನ ಅಪ್ಪ.

ನಿನಗೆ ಇಪ್ಪತ್ತೆರಡಾದಾಗ ಅವಳು ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಾನು ಅವಳ ಮಂಚದ ಪಕ್ಕ ನಿಂತು, ರೂಢಿಯಂತೆ ಕಣ್ಣು ಮುಚ್ಚಿ ‘ಕರ್ತನೇ, ಈ ನಿನ್ನ ಮಗಳು —’ ಎಂದು ಶುರುಮಾಡಿದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಪ್ರಾರ್ಥನೆಗೆ ಅಡ್ಡ ಮಾತಾಡಿದಳು.

“ಅವಂಗ ಎಲ್ಲಾ ಗೊತ್ತೈತ್ರಿ. ನನಗ ಏನರೆ ಹೇಳ್ರಿ.”

ನಾನು ಬಾಯಿ ತೆರೆದೆ. ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು, ಮುಂದೆ ಸರಿಯಲಿಲ್ಲ. ಮೂರನೆಯ ದಿನ ಅವಳು ಹೋದಳು.

ನೀನು ಬಂದಾಗ ಮಣ್ಣಾಗಿತ್ತು. ಸಮಾಧಿಯ ಹತ್ತಿರ ನಿಂತು ಅಂದೆ: “ಅಳು ಬರವಲ್ದು ಅಪ್ಪಾ. ಪಾದ್ರಿಗಳ ಮುಂದ ಅಕಿ ನನ್ನ ಸುಳ್ಳಿ ಮಾಡಿದ್ಲು. ಅದೊಂದು ಬಿಡಾಕ ಆಗವಲ್ದು.” ಆ ಕ್ಷಣದಲ್ಲಿ ನಿಜ ಹೇಳಿದ್ದರೆ ನೀನು ಆ ಮಣ್ಣಿನ ಮೇಲೆ ಬಿದ್ದು ಅಳುತ್ತಿದ್ದೆ, ನಿನ್ನ ಅವ್ವ ನಿನಗೆ ಅಷ್ಟಾದರೂ ಸಿಗುತ್ತಿದ್ದಳು. ನಾನು ನಿನ್ನ ಬೆನ್ನು ತಟ್ಟಿ ‘ಕ್ಷಮಿಸಿಬಿಡು ಅಕಿನ್ನ’ ಅಂದೆ. ಸತ್ತವಳನ್ನು ಕ್ಷಮಿಸಲು ಹೇಳಿದೆ! ಮೊದಲನೆಯದು ಭಯದಿಂದ ಮಾಡಿದ ಪಾಪ. ಇದು ಮಾತ್ರ ತಿಳಿದೂ ತಿಳಿದೂ ಮಾಡಿದ್ದು.

ನೀನು ಹೊರಟುಹೋದ ಸಂಜೆ ಒಬ್ಬನೇ ಪ್ರಾರ್ಥನೆಗೆ ಕೂತೆ. ಬಾಯಿ ಹೊರಳಲಿಲ್ಲ. ದೇವರಿಗೆ ಚಾಡಿ ಹೇಳಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಆಗ ತಿಳಿಯಿತು — ಅಷ್ಟು ವರ್ಷ ನಾನು ದೇವರೊಂದಿಗೂ ಮಾತಾಡಿರಲಿಲ್ಲ. ಅವನನ್ನು ನಡುವೆ ನಿಲ್ಲಿಸಿಕೊಂಡು ನಿಮ್ಮಿಬ್ಬರಿಗೆ ಹೊಡೆಯುತ್ತಿದ್ದೆ. ಹತ್ತು ವರ್ಷದ ನೀನು ಅಂದ ಮಾತಿನಲ್ಲಿ ತಪ್ಪೇನಾದರೂ ಇದ್ದರೆ ಅದೊಂದೇ. ವಾರಗಟ್ಟಲೆ ಹಾಗೇ ಬಾಯಿ ಕಟ್ಟಿ ಕೂತೆ. ಕೊನೆಗೆ ಒಂದು ಸಂಜೆ ನನ್ನ ತಪ್ಪನ್ನೇ ಹೆಸರಿಟ್ಟು ಹೇಳಿದೆ, ನಿಮ್ಮ ಯಾರ ತಪ್ಪನ್ನೂ ಸೇರಿಸದೆ. ನನ್ನ ಮೊದಲ ಪ್ರಾರ್ಥನೆ ಅದು, ಐವತ್ತು ದಾಟಿದ ಮೇಲೆ. ಆ ವರ್ಷದ ಈಸ್ಟರಿಗೆ ಹೊಸ ಪಾದ್ರಿಗಳು ‘ಸಮಾಧಾನ ಇದೆಯೇ’ ಎಂದು ಕೇಳಿದಾಗ ಇಲ್ಲ ಎಂದೆ. ಅಂದಿನಿಂದ ರೊಟ್ಟಿ ಮುಟ್ಟಿಲ್ಲ. ನಾಲ್ಕು ಬೆಂಚು ಖಾಲಿಯಾದಾಗ ನಾನೊಬ್ಬ ಕೂತಿರುತ್ತೇನೆ, ಸದರಿನ ಸಭೆಯೆಲ್ಲ ನೋಡುತ್ತದೆ. ನಾನು ಹೆದರಿದ್ದು ಇದಕ್ಕೇ. ಇದಕ್ಕೆ ಹೆದರಿ ನಿಮ್ಮಿಬ್ಬರನ್ನೂ ತಿಂದೆ.

ಕ್ರಿಸ್ತ ನನ್ನನ್ನು ಕ್ಷಮಿಸಿದ್ದಾನೆಂದು ನಂಬುತ್ತೇನೆ. ಆದರೆ ಅವನು ಕ್ಷಮಿಸಿದನೆಂಬ ನೆಪದಲ್ಲಿ ನಿಜವನ್ನು ನಿನ್ನಿಂದ ಬಚ್ಚಿಡುತ್ತಾ ಬಂದೆನಲ್ಲ, ಅದು ಮತ್ತೆ ಹಳೆಯ ಚಾಳಿಯೇ. ದೇವರ ಕೂಡ ಮಾತಾಡಿ ಮನುಷ್ಯರ ಕೂಡ ಬಿಡುವುದು.

ಶುಕ್ರವಾರದ ಗಾಡಿಗೆ ಹೊರಡುತ್ತೇನೆ. ಲಿಲ್ಲಿಯ ಎದುರಿಗೇ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ, ಪ್ರಾರ್ಥನೆಯಲ್ಲಲ್ಲ, ಕಣ್ಣು ತೆರೆದುಕೊಂಡು. ನೀನು ಬಾಗಿಲು ತೆರೆಯದಿದ್ದರೆ ಹೊರಗೆ ನಿಂತು ಹೇಳುತ್ತೇನೆ. ನನ್ನೊಂದಿಗೆ ಮಾತು ಬಿಡು ರೂತ್, ಸಾಯುವ ತನಕ ಬಿಡು, ಎದುರಾಡುವುದಿಲ್ಲ. ಆದರೆ ಈ ಕಾಗದವನ್ನು ಕೆಳಗಿಟ್ಟು ಎದ್ದು ಹೋಗು. ಆ ಮಗು ಮನೆಯ ಯಾವ ಮೂಲೆಯಲ್ಲಿ ಸಪ್ಪಳವಿಲ್ಲದೆ ಕೂತಿದ್ದರೂ ಹುಡುಕು. ಅವಳನ್ನು ಹೆಸರು ಹಿಡಿದು ಕರೆ.