ಕೇದಾರಘಾಟಿನ ಕಾಗೆ

ಬೆಳಗ್ಗೆ ಮಳೆ ನಿಂತು, ಗಂಗೆಯ ಮೇಲೆ ತೆಳ್ಳಗೆ ಮಂಜು ಎದ್ದಿತ್ತು. ರೈಲಿನ ತೂಗಾಟ ಇನ್ನೂ ಮೈಯಲ್ಲಿತ್ತು. ಎದುರಿನ ದಡ ಕಾಣದೆ, ಮೋಡದಂಚಿನಲ್ಲಿ ಕೂತ ಹಾಗಿತ್ತು. ಕೂರಲು ಒಂದು ಒಣ ಮೆಟ್ಟಿಲು ಸಿಕ್ಕಿದ್ದೇ ವಿಶ್ವನಾಥನ ದಯೆ. ನಮ್ಮ ಯಜಮಾನರು ಅತ್ತೆಯ ಶ್ರಾದ್ಧ ಮುಗಿಸಿ, ಕಾಗೆಗೆಂದು ಎಲೆಯಲ್ಲಿ ಪಿಂಡ ಇಟ್ಟು ಅರ್ಧ ಗಂಟೆಯಾಗಿತ್ತು. ಒಂದು ಕಾಗೆಯೂ ಹತ್ತಿರ ಬರಲಿಲ್ಲ.

"ಕಾಶಿ ಕಾಗೆಗಳಿಗೆ ದಿನಾ ಹಬ್ಬ, ರಾಯರೇ. ಸ್ವಲ್ಪ ಕಾಯಬೇಕು," ಎಂದರು ಪಕ್ಕದ ಶಿವಾಲ ಬಡಾವಣೆಯಿಂದ ಬಂದಿದ್ದ ಕನ್ನಡದ ಪುರೋಹಿತರು. ನಮ್ಮ ಯಜಮಾನರು ನಗಲಿಲ್ಲ. ಅಮ್ಮನಿಗೆ ಏನೋ ಅಸಮಾಧಾನ ಉಳಿದಿದೆ ಎಂದು ಇವರ ಕಣ್ಣು ತುಂಬಿತ್ತು.

ಕೊನೆಗೊಂದು ಕಾಗೆ ಇಳಿಯಿತು. ಕೊಕ್ಕಿನ ತುಂಬ ಅನ್ನ ಕಚ್ಚಿಕೊಂಡು, ನುಂಗದೆ, ಪಕ್ಕದ ಬಿದಿರು ಕೊಡೆಯ ಮೇಲೆ ಕೂತು ಅರಚುತ್ತಿದ್ದ ಮರಿಯ ಬಾಯಿಗೆ ಇಟ್ಟಿತು. ಮರಿಯ ಮೈಯೆಲ್ಲ ಬಿಳಿ ಚುಕ್ಕೆ. ಕೋಗಿಲೆಮರಿ! ಕಾಗೆಯ ಗೂಡಲ್ಲಿ ಕೋಗಿಲೆ ಬೆಳೆಯುತ್ತದೆಂದು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಕಾಗೆ ಮತ್ತೆ ಮತ್ತೆ ಬಂತು, ಮತ್ತೆ ಮತ್ತೆ ಅದಕ್ಕೇ ಉಣಿಸಿತು. ಎಲೆ ಖಾಲಿಯಾದರೂ ತಾನು ಒಂದು ಅಗುಳೂ ತಿನ್ನಲಿಲ್ಲ.

"ಅಮ್ಮ ಊಟ ಮಾಡಲೇ ಇಲ್ಲವಲ್ಲೇ," ಎಂದರು ಇವರು ಸಣ್ಣ ಧ್ವನಿಯಲ್ಲಿ. "ಕಾಗೆ ಮುಟ್ಟಿತಾ ಅಂತ ತಂಗಿ ಫೋನಿನಲ್ಲಿ ಕೇಳುತ್ತಾಳೆ. ಏನು ಹೇಳಲಿ?"

"ರೀ, ವಠಾರದ ಮಕ್ಕಳಿಗೆಲ್ಲ ಬಡಿಸದೆ ಅತ್ತೆ ಎಂದಾದರೂ ಎಲೆ ಮುಂದೆ ಕೂತಿದ್ದರಾ? ಅಮ್ಮ ಬಂದಿದ್ದರು ಅಂತಲೇ ಹೇಳಿ."

ಪಾತ್ರೆಯಲ್ಲಿ ಒಂದು ಹಿಡಿ ಅನ್ನ ಉಳಿದಿತ್ತು. ಇದು ಅತ್ತೆಯ ಪಾಲಿಗಿರಲಿ ಎಂದು ಎಲೆಗೆ ಹಾಕಿದೆ. ಪುರೋಹಿತರು ಬೇಡವೆನ್ನಲಿಲ್ಲ.