ಮಂಗಳವಾರದ ಡಾಕ್ಟರು

ಹೋದ ತಿಂಗಳು ಜಮಖಂಡಿಯ ಲ್ಯಾಬಿನಲ್ಲಿ ನಮ್ಮ ಅತ್ತೆಯ ರಕ್ತ ತೆಗೆಯುವ ಮುಂಚೆ ಅಲ್ಲಿಯ ಹುಡುಗಿ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ತೋಳಿಗೆ ಒರೆಸಿದಳು. ಆ ತಣ್ಣನೆಯ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮೂರ ಗರಡಿ ಮನೆ ಕಣ್ಣ ಮುಂದೆ ಬಂತು... ಪೈಲವಾನರ ಗರಡಿಗೂ ಸ್ಪಿರಿಟ್‌ಗೂ ಏನು ಸಂಬಂಧ ಅನ್ನುತ್ತೀರಾ? ಹೇಳುತ್ತೇನೆ.

ನಮ್ಮೂರು ಗಲಗಲಿಯಿಂದ ಬಹಳ ದೂರವಿಲ್ಲ. ಕೃಷ್ಣೆಯ ನೀರಿದೆ, ಕಬ್ಬಿದೆ, ಡಾಕ್ಟರು ಮಾತ್ರ ಇರಲಿಲ್ಲ. ಬಂದವರು ನಮ್ಮ ಹೆಸರು ಕಲಿಯುವಷ್ಟರಲ್ಲಿ ವರ್ಗ ಮಾಡಿಸಿಕೊಂಡು ಹೋಗಿಬಿಡುತ್ತಿದ್ದರು. ಅಕ್ಕಪಕ್ಕದ ಎರಡು ಊರುಗಳದ್ದೂ ಇದೇ ಹಾಡು. ಕಾಲುವೆ ನೀರಿಗಾಗಿ ಸದಾ ಕಚ್ಚಾಡುತ್ತಿದ್ದ ಮೂರೂರಿನ ಹಿರಿಯರು ಕಡೆಗೊಮ್ಮೆ ಒಂದೇ ಜೀಪಿನಲ್ಲಿ ಕೂತು ಜಮಖಂಡಿಗೆ ಹೋದರು. ನಿವೃತ್ತಿಯಾಗಿ ಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದ ಒಬ್ಬ ಡಾಕ್ಟರನ್ನು ಒಪ್ಪಿಸಿ ಬಂದರು. ಜೀಪು ಮೇಲಿನ ಊರಿನದು, ನರ್ಸಬಾಯಿ ಹೊಳೆದಂಡೆಯ ಊರಿನವಳು, ಔಷಧಿ ತರಿಸುವ ಹೊಣೆ ನಮ್ಮದು. ನಮಗೆ ಮಂಗಳವಾರ, ಮೇಲಿನವರಿಗೆ ಗುರುವಾರ, ಹೊಳೆದಂಡೆಯವರಿಗೆ ಶನಿವಾರ. ನಮ್ಮಲ್ಲಿ ಬೇರೆ ಜಾಗ ಸಿಗದೆ ಗರಡಿ ಮನೆಯಲ್ಲೇ ಕುರ್ಚಿ ಹಾಕಿಕೊಟ್ಟರು. ಗೋಡೆಯ ಮೇಲೆ ಹನುಮಪ್ಪ, ಕೆಳಗೆ ಕೆಮ್ಮುವ ಜನ, ನಡುವೆ ಸ್ಪಿರಿಟ್‌ನ ಘಾಟು.

ಅವರಿಗೆ ಸ್ವಂತ ಹೆಸರಿತ್ತು ನಿಜ, ಯಾರೂ ಕರೆಯಲಿಲ್ಲ. ನಮಗವರು ಮಂಗಳವಾರದ ಡಾಕ್ಟರು, ಮೇಲಿನೂರಿಗೆ ಗುರುವಾರದ ಡಾಕ್ಟರು. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಮಾವ ಮೇಲಿನೂರಿನ ಬೀಗರಿಗೆ, "ನಮ್ಮ ಮಂಗಳವಾರದವರ ಕೈಗುಣ ನಿಮ್ಮ ಗುರುವಾರದವ್ರಿಗೆ ಎಲ್ಲಿ ಬರಬೇಕ್ರಿ?" ಎಂದು ಮೀಸೆ ತಿರುವಿದ್ದನ್ನು ನಾನೇ ಕೇಳಿದ್ದೇನೆ.

ನಮ್ಮ ಅತ್ತೆಗೆ ಆಗ ಸಕ್ಕರೆ ಕಾಯಿಲೆ ಜೋರಾಗಿ, ಕಾಲಿನ ಹೆಬ್ಬೆರಳಲ್ಲಿ ಹುಣ್ಣಾಗಿತ್ತು. ಜಮಖಂಡಿ ದವಾಖಾನೆಯ ಹೆಸರೆತ್ತಿದರೆ ಸೆರಗು ಬಿಗಿದು ಜಗಳಕ್ಕೇ ನಿಲ್ಲುತ್ತಿದ್ದರು. ಅಲ್ಲಿ ಹೋದರೆ ಕಾಲು ಕತ್ತರಿಸಿಯೇ ಕಳಿಸುತ್ತಾರೆ ಎಂಬುದು ಅವರ ನಂಬಿಕೆ. ಮಂಗಳವಾರದ ಡಾಕ್ಟರು ತೊಳೆದು ಪಟ್ಟಿ ಕಟ್ಟಿದರೆ ಮಾತ್ರ ಸುಮ್ಮನೆ ಕೂರುತ್ತಿದ್ದರು. ಆ ಕಾಲು ಉಳಿಯುವುದು ಆ ಮನುಷ್ಯ ವಾರವಾರ ಬರುವುದರ ಮೇಲೆ ನಿಂತಿತ್ತು. ಅದನ್ನು ನೆನೆದರೆ ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

"ಅಕ್ಕಾರ, ಸಿಹಿ ಬಿಡ್ರಿ," ಎನ್ನುತ್ತಿದ್ದರು ಡಾಕ್ಟರು.

"ಬಿಡ್ತೇನ್ರಿ ಸಾಹೇಬ್ರ, ನಾಳಿಂದ. ಇವತ್ತ ಹೋಳಿಗಿ ಮಾಡೇನಿ, ಉಂಡ ಹೋಗ್ರಿ."

ನಮ್ಮ ಕಡೆ ಮನೆಗೆ ಬಂದವರು ಉಣ್ಣದೆ ಎದ್ದರೆ ಆ ಮನೆಯ ಮರ್ಯಾದೆಯೇ ಎದ್ದು ಹೋದಂತೆ. ಸಾಕು ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಬಿಡುವ ಜನ ನಾವು. ಅಕ್ಕಾರ ಎಂದು ಕರೆದ ಮೇಲೆ ನಮ್ಮ ಅತ್ತೆ ಬಿಡುತ್ತಾರೆಯೇ? ಮಂಗಳವಾರ ಹೋಳಿಗೆಯಾದ ಸುದ್ದಿ ಗುರುವಾರದೊಳಗೆ ಮೇಲಿನೂರಿಗೆ ಮುಟ್ಟುತ್ತಿತ್ತು. ಅವರು ಬುಂದಿ ಲಾಡು ಕಟ್ಟುತ್ತಿದ್ದರು. ಶನಿವಾರದವರೇನು ಕಮ್ಮಿಯೇ? ಗೋಧಿ ಹುಗ್ಗಿ! ಪಾಪ, ಸಂಕೋಚದ ಮನುಷ್ಯ, ಎಲ್ಲವನ್ನೂ ತಿಂದರು.

ಒಂದು ಮಂಗಳವಾರ ಅತ್ತೆಯ ಕಾಲಿಗೆ ಪಟ್ಟಿ ಸುತ್ತುತ್ತ ಸುತ್ತುತ್ತಲೇ ಕಣ್ಣು ಕತ್ತಲೆ ಬಂದು ಗರಡಿಯ ಕೆಂಪು ಮಣ್ಣಿನ ಮೇಲೆ ಕುಸಿದರು. ನರ್ಸಬಾಯಿ ಪರೀಕ್ಷೆ ಮಾಡಿ ತಲೆ ಮೇಲೆ ಕೈ ಹೊತ್ತಳು. ಡಾಕ್ಟರಿಗೂ ಸಕ್ಕರೆ ಕಾಯಿಲೆ. ಅದೂ ನಮ್ಮ ಅತ್ತೆಗಿಂತ ಜೋರು.

ವಾರದೊಳಗೆ ಅವರ ಹೆಂಡತಿಯ ಫೋನು ಬಂತು. "ಔಷಧ ಕೊಡಾಕ ಕಳಿಸಿದ್ರ, ಮೂರೂರ ಸೇರಿ ನನ್ನ ಗಂಡನ್ನ ಉಣಿಸಿ ಕೊಲ್ಲಾಕ ನಿಂತೀರೇನ್ರಿ? ಇನ್ನ ಕಳಸಂಗಿಲ್ಲ."

ಗರಡಿಯಲ್ಲಿ ಮೂರೂರಿನ ಸಭೆ ಸೇರಿತು. ಲಾಡು ಹೆಚ್ಚೋ ಹೋಳಿಗೆ ಹೆಚ್ಚೋ ಎಂದು ವಾದ ಎದ್ದು, ಅದು ಕಾಲುವೆ ನೀರಿನ ಹಳೇ ಜಗಳಕ್ಕೆ ಹೊರಳುವುದರಲ್ಲಿತ್ತು. ಅಷ್ಟರಲ್ಲಿ ನಮ್ಮ ಅತ್ತೆ ಕುಂಟುತ್ತ ಒಳಗೆ ಬಂದರು.

"ಬಾಯಿ ಮುಚ್ಚರಿ ಎಲ್ಲಾರೂ. ಜೀಪ ತೆಗಿರಿ, ನಾ ಬರ್ತೇನಿ ಜಮಖಂಡಿಗೆ."

ಮಾವ ಹೌಹಾರಿದರು. ಜಮಖಂಡಿಗೆ ಬರುವುದಿಲ್ಲವೆಂದು ಹಟ ಹಿಡಿದಿದ್ದ ಅತ್ತೆ ತಾವೇ ಜೀಪು ಹತ್ತಿ, ಡಾಕ್ಟರ ಮನೆಯ ಪಡಸಾಲೆಯಲ್ಲಿ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತರು. ಜೊತೆಗೆ ಹೋಗಿದ್ದ ನನಗೆ ನಾಚಿಕೆಯೋ ನಾಚಿಕೆ.

"ಯವ್ವಾ," ಅಂದರು ಡಾಕ್ಟರ ಹೆಂಡತಿಗೆ, "ಇವತ್ತಿನಿಂದ ನಾ ಸಿಹಿ ಬಿಟ್ಟೆ. ನಿಮ್ಮವರೂ ಬಿಡಲಿ. ಅವರು ಒಂದ ತುತ್ತ ತಿಂದ್ರ ನಾನೂ ತಿಂತೇನಿ. ಆಮ್ಯಾಲ ನನ್ನ ಕಾಲ ಹೋದ್ರ ಅವರ ತಲಿಮ್ಯಾಲ."

ಆಕೆ ಸಿಟ್ಟು ಮರೆತು ನಕ್ಕುಬಿಟ್ಟರು. ಡಾಕ್ಟರು ಒಳಗಿನಿಂದ, "ಇಂಥಾ ಔಷಧ ನಾ ಯಾವ ಪುಸ್ತಕದಾಗೂ ಓದಿಲ್ರಿ ಅಕ್ಕಾರ," ಅಂದರು. ಮುಂದಿನ ವಾರದಿಂದ ಮತ್ತೆ ಬಂದರು. ಮೂರೂರಲ್ಲೂ ಅವರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ, ಇಷ್ಟೇ. ಮಂಗಳವಾರ ಯಾರ ಮನೆಯಲ್ಲಾದರೂ ಹೋಳಿಗೆ ಬೇಯುತ್ತಿದ್ದರೆ ಜೀಪು ದಾಟುವವರೆಗೆ ಬಾಗಿಲು ಮುಚ್ಚುತ್ತಿದ್ದರು. ಡಾಕ್ಟರು ಬಂದ ಕೂಡಲೇ ಅವರೂ ಅತ್ತೆಯೂ ಒಬ್ಬರನ್ನೊಬ್ಬರು ಪೊಲೀಸರಂತೆ ವಿಚಾರಿಸುತ್ತಿದ್ದರು. ಅತ್ತೆ ಆಗಾಗ ಕದ್ದು ತಿಂದು ಸಿಕ್ಕಿಬಿದ್ದು ಚೆನ್ನಾಗಿ ಬೈಸಿಕೊಳ್ಳುತ್ತಿದ್ದರು. ಆದರೂ ಹುಣ್ಣು ಮಾಯಿತು, ಕಾಲು ಉಳಿಯಿತು.

ಎರಡು ವರ್ಷದ ಹಿಂದೆ ಡಾಕ್ಟರು ಹೋದರು. ಎದೆನೋವಂತೆ... ಮಣ್ಣು ಕೊಡಲು ಮೂರೂರಿನ ಜನವೂ ಹೋಗಿದ್ದೆವು. ಯಾರ ಡಾಕ್ಟರು ಎಂಬ ವಾದ ಅಂದು ಯಾರ ಬಾಯಲ್ಲೂ ಬರಲಿಲ್ಲ. ಅವರ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಹಿರಿಯರು ಜೀಪು ಹತ್ತಿ ಹುಡುಕುತ್ತಲೇ ಇದ್ದಾರೆ, ನಾವು ಬಸ್ಸು ಹತ್ತಿ ಜಮಖಂಡಿಗೆ ಹೋಗುತ್ತಲೇ ಇದ್ದೇವೆ.

ಹೋದ ತಿಂಗಳು ಲ್ಯಾಬಿನವರು ಕೊಟ್ಟ ರಿಪೋರ್ಟ್ ಚೆನ್ನಾಗಿತ್ತು. ಖುಷಿಗೆ ನಾನು ಮಿಠಾಯಿ ಅಂಗಡಿಯ ಮುಂದೆ ನಿಂತು, "ಒಂದ ಚೂರ ಪೇಢೆ ತಿನ್ರಿ ಅತ್ತಿ, ಏನಾಗಂಗಿಲ್ಲ," ಅಂದೆ.

ಅವರು ಅಂಗಡಿಯ ಕಡೆ ನೋಡಲೂ ಇಲ್ಲ.

"ಅಂವ ಇದ್ದಾಗ ಕದ್ದು ತಿಂತಿದ್ದೆ, ಮಂಗಳವಾರ ಬೈಸಿಕೊಂತಿದ್ದೆ. ಈಗ ತಿಂದ್ರ ಬಯ್ಯಾಕ ಯಾರದಾರ?" ಅಂದು ಬಸ್‌ಸ್ಟ್ಯಾಂಡಿನ ಕಡೆ ನಡೆದರು.