ನಾನು ತುಂಬಿಸಿದ ಸಾಲು

ನಾವು ಮೂವರು ಧಾರವಾಡದಲ್ಲಿ ಒಂದೇ ಖೋಲಿಯಲ್ಲಿದ್ದುಕೊಂಡು ಸಂಶೋಧನೆ ಮಾಡುತ್ತಿದ್ದೆವು. ಹಾನಗಲ್ಲಿನವನದು ಮಣ್ಣು, ಶಿಗ್ಗಾವಿಯವನದು ಹೆಂಗಸರ ಹಾಡು, ಸವಣೂರಿನ ನನ್ನದು ಶಾಸನ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಬ್ಬನ ವಿಷಯದ ಬಗ್ಗೆ ಇನ್ನೊಬ್ಬನಿಗೆ ಕಿಂಚಿತ್ತೂ ಗೌರವವಿರಲಿಲ್ಲ. ಮಣ್ಣಿನವನು ಸೀಸೆ ಅಲುಗಾಡಿಸುತ್ತ ಕೂತರೆ ಹಾಡಿನವನು, "ಏನಲೇ, ಕಷಾಯ ಮಾಡಾಕತ್ತೀಯೇನು?" ಎನ್ನುತ್ತಿದ್ದ. ನನ್ನನ್ನು ಇಬ್ಬರೂ "ಸತ್ತವರ ಟಪಾಲು ಓದಾಂವ" ಎಂದು ಕಾಡಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಮೂರರಲ್ಲಿ ಖರೇ ವಿದ್ಯೆ ನನ್ನದೊಂದೇ ಎಂದು ನಂಬಿದ್ದೆ. ನಮ್ಮ ಮನೆತನದಲ್ಲಿ ಟೀಕೆ ಟಿಪ್ಪಣಿ ಬರೆದವರೇ ಎಲ್ಲರೂ. ಹುಳ ತಿಂದ ಗ್ರಂಥವನ್ನೂ ಅಪ್ಪ ಎಡವದೆ ಓದಿ ಮುಗಿಸುತ್ತಿದ್ದ. ಆ ಸೊಕ್ಕು ನನಗೂ ಬಂದಿತ್ತು.

ಬೇಸಿಗೆ ರಜೆಯಲ್ಲಿ ಮೂವರೂ ಹಿರೇಕೆರೂರು ತಾಲೂಕಿಗೆ ಹೋದೆವು. ಹಂಸಭಾವಿಯಲ್ಲಿ ಪರಿಚಯದವರ ಮನೆಯಲ್ಲಿ ಇಳಿದುಕೊಂಡು, ದಿನಕ್ಕೊಂದು ಹಳ್ಳಿಗೆ ನಡೆದು ಹೋಗುವುದು. ಅಬಲೂರಿನ ಗುಡಿಯ ಶಾಸನಗಳನ್ನು ದೊಡ್ಡವರು ಆಗಲೇ ಓದಿ ಮುಗಿಸಿದ್ದರು. ನನಗೆ ಯಾರೂ ನೋಡದ ಕಲ್ಲು ಬೇಕಾಗಿತ್ತು. ಅದು ಅಲ್ಲಿಂದ ಎರಡು ಹರದಾರಿ ಆಚೆ, ಒಬ್ಬ ಅಜ್ಜಿಯ ಹೊಲದ ಬದುವಿನ ಮೇಲೆ ಸಿಕ್ಕಿತು.

ಅಜ್ಜಿ ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ಮೈದುನನ ಮನೆಯಲ್ಲಿ ಬಾಳಿದವಳು. ಓದಿದವರನ್ನೆಲ್ಲ "ಮಾಸ್ತರ" ಎಂದೇ ಕರೆಯುತ್ತಿದ್ದಳು. ಮೂವರು ಮಾಸ್ತರರೂ ಆಕೆಯ ಬೆನ್ನು ಹತ್ತಿದೆವು. ಒಬ್ಬ ಹೊಲ ಅಗೆದು ಮಣ್ಣನ್ನು ಚೀಲಕ್ಕೆ ತುಂಬಿದ. ಅದರಲ್ಲಿ ಏನಿದೆ ನೋಡುತ್ತೇನೆ ಅಂದಿದ್ದಕ್ಕೆ ಅಜ್ಜಿ, "ಜ್ವಾಳಕ್ಕ ಕೇಳ್ರಿ, ಹೇಳತೈತಿ" ಎಂದಳು. ಇನ್ನೊಬ್ಬ ಆಕೆ ಬೀಸುವ ಕಲ್ಲಿನ ಮುಂದೆ ಕೂತು ಹಾಡು ಬರೆದುಕೊಂಡ. ಹಾಡುತ್ತ ಆಕೆಗೆ ದುಃಖ ಉಕ್ಕಿ ಬಂದಾಗ, "ಆ ಸಾಲು ಇನ್ನೊಮ್ಮೆ ಹೇಳ್ರಿ" ಎಂದ. ಆಗ ನಾನು ಅವನಿಗೆ ಬೈದಿದ್ದೆ. ಬೈಯುವ ಯಾವ ಹಕ್ಕೂ ನನಗೆ ಉಳಿಯದಂಥ ಕೆಲಸವನ್ನು ಮಾರನೆಯ ದಿನವೇ ನಾನು ಮಾಡುವವನಿದ್ದೆ.

ಆ ಕಲ್ಲಿಗೆ ಊರವರು ಹಿರೇರ ಕಲ್ಲು ಎನ್ನುತ್ತಿದ್ದರು. ಕಳ್ಳರಿಂದ ಆಕಳು ಬಿಡಿಸಲು ಹೋಗಿ ಸತ್ತ, ಅಜ್ಜಿಯ ಮನೆತನದ ಹಿರಿಯ ಎಂದು ನಂಬಿಕೆ. ಅಮಾಸಿಗೊಮ್ಮೆ ಅಜ್ಜಿ ಎಣ್ಣೆ ಎರೆದು, ಅರಿಷಿಣ ಹಚ್ಚಿ, ಮನೆಯ ಸುಖದುಃಖವನ್ನೆಲ್ಲ ಅದರ ಮುಂದೆ ಹೇಳಿಕೊಳ್ಳುತ್ತಿದ್ದಳು. ಬೆರಳು ದಪ್ಪ ಕಪ್ಪು ಜಿಡ್ಡು ಕಟ್ಟಿ, ಅದರ ಮೇಲೆ ಮೇಣದಲ್ಲಿ ಅಂಟಿಸಿದ ಎರಡು ಬೆಳ್ಳಿ ಕಣ್ಣು. ಅಕ್ಷರಗಳ ಪಡಿಯಚ್ಚು ತೆಗೆಯಬೇಕಾದರೆ ಜಿಡ್ಡು ತೆಗೆದು ತೊಳೆಯಬೇಕು, ಹಸಿ ಕಾಗದವನ್ನು ಕಲ್ಲಿಗೆ ಹೊಂದಿಸಿ ಬಡಿದು ಮಸಿ ಒತ್ತಬೇಕು. ಅಜ್ಜಿ ಸುಮ್ಮನೆ ಒಪ್ಪಲಿಲ್ಲ. ಕಲ್ಲು ಓದಿ ಹಿರೇರ ಹೆಸರು ಹೇಳುತ್ತೇನೆ ಎಂದು ಆಸೆ ತೋರಿಸಿದೆ. "ಹಂಗಾರ ತೊಳೀರಿ. ಇನ್ನಮ್ಯಾಲೆ ಹೆಸರು ಹಿಡದು ಮಾತಾಡಸ್ತೇನಿ" ಎಂದು ತಾನೇ ಕಣ್ಣು ಬಿಡಿಸಿ ಸೆರಗಿಗೆ ಕಟ್ಟಿಕೊಂಡಳು.

ಸೀಗೆಪುಡಿ, ಬಿಸಿನೀರು, ತೆಂಗಿನ ನಾರು. ಮುಂಜಾನೆಯಿಂದ ತಿಕ್ಕಿದೆ. ಮಧ್ಯಾಹ್ನದ ಹೊತ್ತಿಗೆ ಜಿಡ್ಡಿನಡಿಯಿಂದ ಒಂದು ತೋಳು ಹೊರಬಿತ್ತು. ಕೆತ್ತಿದ ಕಂಬದಿಂದ ಹೊರಟು ಮೇಲೆದ್ದ, ಮೊಣಕೈಯವರೆಗೆ ಬಳೆ ತೊಟ್ಟ ಹೆಣ್ಣಿನ ತೋಳು. ಅಜ್ಜಿ ಮುಖ ಎಂದುಕೊಂಡು ಕಣ್ಣು ಅಂಟಿಸಿದ್ದು ಅಂಗೈಗೆ. ಅದು ವೀರಗಲ್ಲಲ್ಲ, ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಂಡತಿಯ ಮಾಸ್ತಿಗಲ್ಲು. ನನಗೆ ಖುಷಿಯೋ ಖುಷಿ, ಕುಣಿಯುವುದೊಂದು ಬಾಕಿ. ತಿರುಗಿ ನೋಡಿದರೆ ಅಜ್ಜಿ ಬಳೆಯಿಲ್ಲದ ಬರಿಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು.

"ಇಕಿ ಹೆಣ್ಮಗಳೇನ್ರಿ?" ಎಂದಳು. "ಹೆಸರೇನು?"

ರಾಜನ ಹೆಸರಿತ್ತು, ಗಂಡನ ಹೆಸರಿತ್ತು. ಕೆಳಗಿನ ಸಾಲಿನಲ್ಲಿ ಅವನ ಹೆಂಡತಿ ಎಂದಷ್ಟೇ ಉಳಿದು ಮುಂದಿನದು ಸವೆದು ಹೋಗಿತ್ತು. ಕೊನೆಗೆ ಕಿಚ್ಚು ಎಂಬ ಒಂದು ಮಾತು. ಹೆಸರಿಲ್ಲ ಎಂದೆ. ಆಕೆ ಕಲ್ಲಿನ ಹತ್ತಿರ ಬಂದು ಕೇಳಿದಳು.

"ತಾನ ಹೋದಳೋ, ಇವರು ನೂಕಿದರೋ? ಅದನ್ನರ ಬರದಾರೇನ್ರಿ?"

ಅದು ಯಾಕೆ ಬೇಕು ಎಂದು ಕೇಳಿದೆ. ಆಕೆ ಕಲ್ಲನ್ನೇ ನೋಡುತ್ತ ಹೇಳಿದಳು: "ನಮ್ಮವ್ರು ಹೋದಾಗ ನಾನೂ ಬಾಂವಿ ಕಟ್ಟೀತನಕ ಹೋಗಿದ್ನಿ. ಯಾರೂ ನೂಕಲಿಲ್ಲ, ಯಾರೂ ಹಿಡೀಲೂ ಇಲ್ಲ. ನಾನ ತಿರಿಗಿ ಬಂದ್ನಿ. ಬದುಕೂದು ಚಲೋ ಅಂತ ಬಂದ್ನೋ, ಹೇಡಿ ಆಗಿ ಬಂದ್ನೋ, ಇನ್ನೂ ತಿಳಿದಿಲ್ಲ. ಇಕಿದು ತಿಳದರ ನಂದೂ ತಿಳೀತೈತಿ."

ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ. ಅಳಿಸಿಹೋದ ಅಕ್ಷರಗಳನ್ನು ಅದೇ ಬಗೆಯ ಬೇರೆ ಶಾಸನಗಳ ಆಧಾರದಿಂದ ತುಂಬಿಸಿ, ಚೌಕ ಕಂಸದೊಳಗೆ ಹಾಕುತ್ತೇವೆ. ಓದಿದವನಿಗೆ ತಿಳಿಯುತ್ತದೆ, ಇದು ಕಲ್ಲಿನ ಮಾತಲ್ಲ, ಪಂಡಿತನ ಊಹೆ ಎಂದು. ನಾನು ಓದಿದ ಅಂಥ ಕಲ್ಲುಗಳಲ್ಲೆಲ್ಲ ಒಂದೇ ಮಾತಿತ್ತು. ಅದು ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಕ್ಷಣವೂ ತಡೆಯದೆ ಹೇಳಿಬಿಟ್ಟೆ: "ತಾನ ಸಂತೋಷದಿಂದ ಕಿಚ್ಚು ಹೊಕ್ಕಳು ಅಂತ ಅದ ಅಜ್ಜಿ."

ಬಾಯಿಮಾತಿಗೆ ಕಂಸ ಹಾಕಲಾಗುವುದಿಲ್ಲ.

 ಬೆಳ್ಳಿ ಕಣ್ಣಿದ್ದ ಸೆರಗಿನ ಗಂಟನ್ನು ಅಜ್ಜಿ ಬಿಚ್ಚಲಿಲ್ಲ. ನಾನು ಪಡಿಯಚ್ಚು ಒಣಗಿಸಿ ಸುರುಳಿ ಸುತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ಗೆಳೆಯರ ಮುಂದೆ ಬಡಾಯಿ ಕೊಚ್ಚಿದ್ದು ಈಗ ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯ.

ಮರುವರ್ಷ ಮಣ್ಣಿನವನು ಮತ್ತೊಮ್ಮೆ ಮಣ್ಣು ತರಲು ಹೋಗಿ ಬಂದ. ಊಟಕ್ಕೆ ಕೂತಾಗ ಹೇಳಿದ: "ಆ ಮುದುಕಿ ಕಲ್ಲಿನ ಕಡೆ ಹೋಗೂದು ಬಿಟ್ಟಾಳಲೇ. ಎಣ್ಣಿ ಇಲ್ಲ, ಕಣ್ಣಿಲ್ಲ. ಯಾಕಂತ ಕೇಳಿದ್ರ, ಆಕಿ ಧೈರ್ಯದಾಕಿ, ನಾ ಯಾವ ಮಾರಿ ಹೊತ್ಕೊಂಡು ಮುಂದ ನಿಂದರ್ಲಿ ಅಂದ್ಳು." ನಾನು ತಾಟು ಸರಿಸಿ ಎದ್ದೆ. ಮೇಜಿನ ಮೇಲಿದ್ದ ನನ್ನ ಪ್ರಬಂಧದಲ್ಲಿ ಅದೇ ಸಾಲು ಚೌಕ ಕಂಸದೊಳಗೆ ಶಿಸ್ತಾಗಿ ಕೂತಿತ್ತು. ಅಲ್ಲಿ ಅದಕ್ಕೆ ಯಾರೂ ತಪ್ಪೆನ್ನುವಂತಿರಲಿಲ್ಲ. ಆದರೆ ಬರೆಯಲು ಕೂತಾಗಲೆಲ್ಲ ಬಳೆಯ ತೋಳು ಹಾಳೆಯ ಮೇಲೆ ಎದ್ದು ನಿಂತಂತಾಗಿ, ನಾನು ಪೆನ್ನು ಕೆಳಗಿಟ್ಟು ಹೊರಗೆ ಹೋಗಿಬಿಡುತ್ತಿದ್ದೆ.

ಹೋಗಿ ಹೇಳುವುದಕ್ಕೆ ಮತ್ತೂ ಒಂದು ವರ್ಷ ಹಿಡಿಯಿತು. ಪದವಿ ಕೈಗೆ ಬರಲಿ ಎಂದು ಕಾದೆ. ಇದಕ್ಕಿಂತ ಮರ್ಯಾದೆಯ ಕಾರಣ ನನ್ನ ಹತ್ತಿರ ಇಲ್ಲ. ಅಜ್ಜಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ತೀರ ಸೊರಗಿದ್ದಳು. ಪಡಿಯಚ್ಚನ್ನು ಆಕೆಯ ಮುಂದೆ ಹಾಸಿ, ಸವೆದ ಜಾಗದ ಮೇಲೆ ಬೆರಳಿಟ್ಟೆ.

"ಅಜ್ಜಿ, ಇಲ್ಲಿ ಏನೂ ಉಳಿದಿಲ್ಲ. ಅವತ್ತ ನಾನ ತುಂಬಿಸಿ ಹೇಳಿದೆ. ಆಕಿ ತಾನ ಹೋದಳೋ ನೂಕಿದರೋ ಯಾರಿಗೂ ಗೊತ್ತಿಲ್ಲ. ನನ್ನದು ತಪ್ಪಾತು."

ಆಕೆ ಕಾಗದವನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಇಷ್ಟು ದೂರ ಬಿಸಲಾಗ ನನ್ನ ಸಮಾಧಾನ ಮಾಡಾಕ ಬಂದೀರಿ, ಮಾಸ್ತರ. ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದಳು. ಈಗ ಹೇಳಿದ್ದೇ ಖರೇ ಎಂದು ಆಣೆ ಮಾಡಿ ಹೇಳಿದೆ. ಆಕೆ ಮೊರ ಕೆಳಗಿಟ್ಟು, ನನಗೆ ಮಜ್ಜಿಗೆ ತರಲು ಮೊಣಕಾಲು ಹಿಡಿದು ಎದ್ದಳು.

"ಅವತ್ತ ಕಲ್ಲಿನ್ಯಾಗ ಇದ್ದದ್ದು ಓದಿದ್ದು ಬ್ಯಾರೆ, ಇವತ್ತ ಕನಿಕರಕ್ಕ ಹೇಳೂದು ಬ್ಯಾರೆ. ಓದಾಕ ಬರಲಿಕ್ಕರ ಏನಾತು, ಅಷ್ಟು ನನಗ ತಿಳೀತೈತ್ರಿ."